ಕೋಟೆಯಲ್ಲಿ ನೀರೆಲ್ಲಿ, ರಾಗಿಯೆಲ್ಲಿ?

ಭಾನುವಾರ ಕತ್ತಲಿರುವಾಗಲೇ ಬೆಂಗಳೂರು ಬಿಟ್ಟು, ಹುತ್ರಿದುರ್ಗದ ತುದಿಯಲ್ಲಿ ಸೂರ್ಯೋದಯದ ಫೋಟೋ ತೆಗೆದು, ಹತ್ತು ಗಂಟೆಗೆಲ್ಲ ತಟ್ಟೆ ಇಡ್ಲಿ ಮುಗಿಸಿ ವಾಪಸ್ ಹೊರಡೋರು ನಮ್ಮ ಆಫೀಸುಗಳಲ್ಲಿ ಬೇಕಾದಷ್ಟು ಜನ. ಅವರಿಗೆ ಅದು 'ಈಸಿ ಟ್ರೆಕ್'. ಕುಣಿಗಲ್ ತಾಲ್ಲೂಕಿನ ಈ ಬೆಟ್ಟ ಒಂದು ಕಾಲಕ್ಕೆ ಸೈನಿಕರು ಉಂಡು, ಮಲಗಿ, ಕಾವಲು ಕಾದ ಜಾಗ ಅನ್ನೋದು ಫೋಟೋದಲ್ಲಿ ಕಾಣಲ್ಲ.

1537ರಲ್ಲಿ ಬೆಂಗಳೂರು ಕಟ್ಟಿದ ಕೆಂಪೇಗೌಡರ ಮನೆತನದ ಕೋಟೆ ಇದು. ಸಾವನದುರ್ಗ, ಹುಲಿಯೂರುದುರ್ಗ, ನಂದಿದುರ್ಗ ಇವೆಲ್ಲ ಸೇರಿದ ನವದುರ್ಗಗಳಲ್ಲಿ ಒಂದು. 1728ರಲ್ಲಿ ಮಾಗಡಿ ಸೀಮೆ ಮೈಸೂರಿನವರ ಕೈಸೇರಿತು.

ಗೈಡ್ ಬೇಕಿಲ್ಲ, ಒಬ್ಬರೇ ಹೋಗಿ. ಮಾಗಡಿ ಕಡೆಯಿಂದ ಬಂದರೂ ಸರಿ, ಕುಣಿಗಲ್ ಕಡೆಯಿಂದ ಬಂದರೂ ಸರಿ, ನಡಿಗೆಯನ್ನ ಬುಡದ ಹಳ್ಳಿಯಿಂದಲೇ ಶುರು ಮಾಡಿ. ಹತ್ತುತ್ತಾ ಹೋದಂತೆ ಒಂದಾದ ಮೇಲೊಂದು ಕಲ್ಲಿನ ಬಾಗಿಲು ಸಿಗುತ್ತೆ. ಪ್ರತಿ ಬಾಗಿಲಲ್ಲೂ ನಿಂತು ಹಿಂದಿರುಗಿ ನೋಡಿ. ಕೆಳಗಿನದು ಮುರಿದು ಒಳಗೆ ಬಂದವನು ಏದುಸಿರು ಬಿಡ್ತಾ ಮತ್ತೆ ಹತ್ತಬೇಕು, ಅಷ್ಟರಲ್ಲಿ ಮೇಲಿನವರು ರೆಡಿ. ಒಂದೇ ಪಾಸ್‌ವರ್ಡ್ ಸಾಲದು ಅಂತ ಆ ಕಾಲದವರಿಗೂ ಗೊತ್ತಿತ್ತು.

ಆದರೆ ಕೋಟೆ ಅಂದ್ರೆ ಬರೀ ಗೋಡೆ ಅಲ್ಲ. ಹಳ್ಳಿಯಲ್ಲಿ ಬೆಳೆದವರು ಹೊಸ ಊರಿಗೆ ಹೋದಾಗ ಮೊದಲು ಕೇಳೋದು ಕೆರೆ ಎಲ್ಲಿದೆ ಅಂತ. ಇಲ್ಲೂ ಅದನ್ನೇ ಕೇಳಿ. ಬೋಳು ಬಂಡೆಯ ಮೇಲೆ ಬಿದ್ದ ಮಳೆ ಎತ್ತ ಹರಿಯುತ್ತೆ? ಎಲ್ಲಿ ನಿಲ್ಲುತ್ತೆ? ತುದಿಯ ಶಂಕರೇಶ್ವರನ ಗುಡಿವರೆಗೂ ಈ ಪ್ರಶ್ನೆ ಹಿಡಿದುಕೊಂಡು ನಡೆದರೆ, ಬಂಡೆಯ ತಗ್ಗು, ದೊಣೆ ಎಲ್ಲ ಬೇರೆ ಥರಾ ಕಾಣುತ್ತೆ. ಆಮೇಲೆ ಎರಡನೇ ಪ್ರಶ್ನೆ: ಇಷ್ಟು ಜನಕ್ಕೆ ರಾಗಿ ಎಲ್ಲಿಂದ ಬರ್ತಿತ್ತು? ಬುಡದಲ್ಲಿ ಕಾಣೋ ಹೊಲಗಳಿಂದ. ಕೆಳಗಿನ ರೈತ ಇಲ್ಲದೆ ಮೇಲಿನ ಕಾವಲುಗಾರ ಇಲ್ಲ.

ಈ ಕೋಟೆಯ ಹಣೆಬರಹ ಬರೆದದ್ದೂ ದವಸವೇ. 1791ರ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರದವರೆಗೂ ಹೋಗಿದ್ದ. ದವಸ ಖಾಲಿ, ಎತ್ತುಗಳು ಸಾಲು ಸಾಲಾಗಿ ಸತ್ತವು. ದೊಡ್ಡ ತೋಪುಗಳನ್ನ ಎಳೆಯೋರಿಲ್ಲದೆ ತಾನೇ ಹಾಳುಮಾಡಿ ಬೆಂಗಳೂರಿಗೆ ವಾಪಸ್ ಬಂದ. ಪಾಠ ಕಲಿತ. ಮುಂದಿನ ಸಲ ಹೊರಡೋ ಮುಂಚೆ ದಾರಿಯ ಪಕ್ಕದ ದುರ್ಗಗಳನ್ನೆಲ್ಲ ಹಿಡಿಯೋಕೆ ಶುರು ಮಾಡಿದ, ಯಾಕಂದ್ರೆ ಅಲ್ಲಿ ಟಿಪ್ಪುವಿನ ಕಡೆಯವರಿದ್ದರೆ ದವಸದ ಎತ್ತುಗಳು ದಾಟೋ ಹಾಗಿಲ್ಲ. ಅಕ್ಟೋಬರ್‌ನಲ್ಲಿ ನಂದಿದುರ್ಗ, ಡಿಸೆಂಬರ್ 21ಕ್ಕೆ ಸಾವನದುರ್ಗ, ಅದಾದ ಕೆಲವೇ ದಿನಕ್ಕೆ ಹುತ್ರಿದುರ್ಗ. ಅವನ ಸೈನ್ಯಕ್ಕೆ ಎತ್ತುಗಳ ಮೇಲೆ ಧಾನ್ಯ ಹೇರಿಕೊಂಡು ಬಂದವರಲ್ಲಿ ನಮ್ಮ ಲಂಬಾಣಿಗಳೂ ಇದ್ದರು. 1792ರ ಜನವರಿ ಕೊನೆಯಲ್ಲಿ ಸೈನ್ಯ ಇದೇ ಸೀಮೆಯಿಂದ ಹೊರಟಿತು. ಫೆಬ್ರವರಿ 6ರ ರಾತ್ರಿ ಶ್ರೀರಂಗಪಟ್ಟಣದ ಮೇಲೆ ದಾಳಿ, ಮಾರ್ಚ್‌ನಲ್ಲಿ ಒಪ್ಪಂದ. ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, ಇಬ್ಬರು ಮಕ್ಕಳನ್ನ ಒತ್ತೆ ಇಟ್ಟ.

ಸ್ಕೂಲಿನಲ್ಲಿ ನಾವು ಓದಿದ್ದು ಇದರ ಕೊನೆಯ ಎರಡು ಸಾಲು ಮಾತ್ರ. ಮಧ್ಯದಲ್ಲಿದ್ದ ಎತ್ತು, ರಾಗಿ, ಲಂಬಾಣಿ, ದುರ್ಗದ ಬುಡದ ರೈತ ಇವರ್ಯಾರೂ ಪರೀಕ್ಷೆಗೆ ಬರಲಿಲ್ಲ. ಅವರ ಗುರುತು ಇನ್ನೂ ಉಳಿದಿದ್ದರೆ ಅದು ಇಂಥ ಬೆಟ್ಟಗಳ ದಾರಿಯಲ್ಲಿ, ಕಲ್ಲಲ್ಲಿ. ಅದರ ಮೇಲೆ ಬಣ್ಣದಲ್ಲಿ ಹುಡುಗ-ಹುಡುಗಿ ಹೆಸರು ಬರೆದು ಬಂದ್ರೆ, ಓದೋಕೆ ಉಳಿದ ಒಂದೇ ಪುಟವನ್ನೂ ಗೀಚಿದ ಹಾಗೆ.

ಬಿಸಿಲೇರುವ ಮುಂಚೆ ಹೋಗಿ, ಎರಡು ಬಾಟಲಿ ನೀರು ಇಟ್ಟುಕೊಳ್ಳಿ. ಇಳಿಯುವಾಗ ಕಾರಿನ ಕಡೆ ಓಡಬೇಡಿ. ಹಳ್ಳಿಯ ಜಗಲಿ ಮೇಲೆ ಕೂತ ಯಾರಾದರೂ ಅಜ್ಜನನ್ನ ಕೇಳಿ: "ತಾತ, ಹಿಂದೆ ಬೆಟ್ಟದ ಮೇಲೆ ನೀರು ಎಲ್ಲಿ ಸಿಗ್ತಿತ್ತು?" ಟ್ರೆಕ್ಕಿಂಗ್ ಆಪ್‌ನಲ್ಲಿಲ್ಲದ ಮ್ಯಾಪ್ ಅವರ ಹತ್ತಿರ ಇರುತ್ತೆ.