ಬ್ರುನೆಲ್ಲೊ: ಒಂದು ಊರು, ಒಂದೇ ದ್ರಾಕ್ಷಿ

ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಗೊಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಅದೇ ಮರ, ಅದೇ ಬಣ್ಣ ತಂದು ಬೇರೆಲ್ಲೋ ಮಾಡಿದ ಗೊಂಬೆಗೆ ಆ ಹೆಸರು ಹಚ್ಚುವಂತಿಲ್ಲ. ಇಟಲಿಯ ಹೆಸರಾಂತ ಕೆಂಪು ವೈನ್ 'ಬ್ರುನೆಲ್ಲೊ ದಿ ಮೊಂಟಾಲ್ಚಿನೊ' ಕೂಡ ಹೀಗೆಯೇ ಊರಿಗೆ ಕಟ್ಟುಬಿದ್ದ ಹೆಸರು. ಸ್ವಾರಸ್ಯವೆಂದರೆ, ಆ ವೈನಿನ ದ್ರಾಕ್ಷಿ ತಳಿ ಕೊಪ್ಪಳ ಜಿಲ್ಲೆಯಲ್ಲೂ ಬೇರುಬಿಟ್ಟಿದೆ.

ಮೊಂಟಾಲ್ಚಿನೊ ಎಂಬುದು ಟಸ್ಕನಿ ಪ್ರಾಂತ್ಯದ ಸಿಯೆನಾ ನಗರದ ದಕ್ಷಿಣಕ್ಕಿರುವ ಬೆಟ್ಟದ ಮೇಲಿನ ಸಣ್ಣ ಊರು. ಅಲ್ಲಿನ ಕ್ಲೆಮೆಂತೆ ಸಾಂತಿ ಎಂಬುವರ 1865ರ ಫಸಲಿನ ವೈನ್ 1869ರಲ್ಲಿ ಕೃಷಿ ಮೇಳವೊಂದರಲ್ಲಿ ಬಹುಮಾನ ಪಡೆಯಿತು. ಅವರ ಮೊಮ್ಮಗ ಫೆರ್ರುಚ್ಚೊ ಬಿಯೊಂದಿ ಸಾಂತಿ, ಗ್ಯಾರಿಬಾಲ್ಡಿಯ ಸೈನ್ಯದಲ್ಲಿ ಹೋರಾಡಿ ಬಂದವನು. ಬಳ್ಳಿಗೆ ರೋಗ ತಗುಲಿ ತೋಟಗಳು ಹಾಳಾಗುತ್ತಿದ್ದ ಕಾಲದಲ್ಲಿ ಉಳಿದವರು ಬೇಗ ಮಾರಾಟವಾಗುವ ಬೆರಕೆ ವೈನಿನ ಹಿಂದೆ ಬಿದ್ದರೆ, ಈತ ಸಾಂಜೊವೇಸೆ ತಳಿಯೊಂದನ್ನೇ ಆರಿಸಿ, ರಸವನ್ನು ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಕೂಡಿಟ್ಟ. 1888ರ ಫಸಲಿನಿಂದ ಬ್ರುನೆಲ್ಲೊ ಹೆಸರು ನೆಲೆಯಾಯಿತು. 1945ರವರೆಗಿನ 57 ವರ್ಷಗಳಲ್ಲಿ ಆ ಮನೆತನ ಉತ್ಕೃಷ್ಟವೆಂದು ಸಾರಿದ ಫಸಲುಗಳು ನಾಲ್ಕೇ ಎಂದು ಲೆಕ್ಕ. ಇಂಥ ವ್ಯಾಪಾರವನ್ನು ನಮ್ಮ ಸೇಠಜಿಗಳು ಒಪ್ಪಲಾರರು!

ಬ್ರುನೆಲ್ಲೊ ಎಳೆಯದಿದ್ದಾಗ ಹುಳಿ, ಒಗರು ಎರಡೂ ಜೋರು. ನೇರಳೆ ಹಣ್ಣು ತಿಂದಂತೆ ನಾಲಿಗೆ ಹಿಡಿಯುತ್ತದೆ. ಆ ಹುಳಿ ಮತ್ತು ಒಗರೇ ಅದನ್ನು ದಶಕಗಳ ಕಾಲ ಕೆಡದಂತೆ ಕಾಯುತ್ತವೆ. ವಯಸ್ಸಾದಂತೆ ಒಗರು ಇಳಿದು, ಚೆರಿ ಹಣ್ಣು, ತೊಗಲು, ಒಣ ಹೊಗೆಸೊಪ್ಪಿನ ವಾಸನೆ ಏಳುತ್ತದೆ. ಆದ್ದರಿಂದಲೇ ನಿಯಮ ಬಿಗಿ: ನೂರಕ್ಕೆ ನೂರು ಸಾಂಜೊವೇಸೆ, ಕನಿಷ್ಠ ಎರಡು ವರ್ಷ ಓಕ್ ಪೀಪಾಯಿಯಲ್ಲಿ, ಮಾರಾಟ ಫಸಲಿನ ನಂತರದ ಐದನೆಯ ವರ್ಷದಲ್ಲಿ. 1980ರಲ್ಲಿ ಇಟಲಿ ಅದಕ್ಕೆ ಅತ್ಯುನ್ನತ ದರ್ಜೆ ಕೊಟ್ಟಿತು. 2008ರಲ್ಲಿ ಕೆಲವರು ಬೇರೆ ದ್ರಾಕ್ಷಿ ಬೆರೆಸಿದರೆಂಬ ಆರೋಪ ಎದ್ದು, ತನಿಖೆ ನಡೆದು, ಲಕ್ಷಾಂತರ ಲೀಟರ್ ವೈನ್ ತಡೆಹಿಡಿಯಲಾಯಿತು. ನಿಯಮ ಸಡಿಲಿಸೋಣವೇ ಎಂಬ ಪ್ರಶ್ನೆ ಬಂದಾಗ ಬೆಳೆಗಾರರು ಭಾರೀ ಬಹುಮತದಿಂದ ಬೇಡವೆಂದರು.

ಇದೇ ಸಾಂಜೊವೇಸೆಯನ್ನು ಕೊಪ್ಪಳ ಜಿಲ್ಲೆಗೆ ತಂದದ್ದು ಹೈದರಾಬಾದಿನ ಉದ್ಯಮಿ ದಂಪತಿ ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ. ಇಬ್ಬರ ಹೆಸರು ಕೂಡಿಸಿ ತೋಟಕ್ಕೆ 'ಕೃಷ್ಮಾ' ಎಂದು ಹೆಸರಿಟ್ಟರು. 2007ರಲ್ಲಿ ರಾಜ್ಯ ಸರ್ಕಾರ ವೈನ್ ನೀತಿ ತಂದ ಆಸುಪಾಸಿನ ಮಾತು ಇದು. ಗಂಗಾವತಿಯ ಕಾಲುವೆ ಗದ್ದೆಗಳನ್ನು ಬಿಟ್ಟರೆ ಕುಷ್ಟಗಿ, ಯಲಬುರ್ಗಾ ಕಡೆಯೆಲ್ಲ ಮಳೆ ಕಡಿಮೆಯ ಒಣ ಸೀಮೆ. ಬಳ್ಳಿಗೆ ಅದು ಕೆಟ್ಟದ್ದೇನಲ್ಲ, ತೇವ ಹೆಚ್ಚಿದರೆ ಕಾಯಿಗೆ ಬೂಜು ಹಿಡಿಯುತ್ತದೆ. ತೊಂದರೆ ಇರುವುದು ಚಳಿಗಾಲದ್ದು. ಟಸ್ಕನಿಯ ಚಳಿಗೆ ಎಲೆ ಉದುರಿಸಿ ಮಲಗುವ ಬಳ್ಳಿ ಇಲ್ಲಿ ಮಲಗುವುದೇ ಇಲ್ಲ. ಆದ್ದರಿಂದ ನಮ್ಮ ಸೀಮೆಯ ದ್ರಾಕ್ಷಿಗೆ ವರ್ಷಕ್ಕೆರಡು ಚಾಟ್ನಿ: ಬೇಸಿಗೆಯಲ್ಲಿ ಕಡ್ಡಿಗಾಗಿ, ಮಳೆ ಹಿಂದೆಗೆದ ಮೇಲೆ ಹಣ್ಣಿಗಾಗಿ. ಅಲ್ಲಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಗೊನೆ ಕೊಯ್ದರೆ, ಇಲ್ಲಿ ಕೊಯ್ಲು ಚಳಿ ಮುಗಿಯುವ ಹೊತ್ತಿಗೆ.

ಹೀಗೆ ಬೆಳೆದ ಹಣ್ಣಿನ ವೈನಿಗೆ ಸಾಂಜೊವೇಸೆ ಎಂದು ತಳಿಯ ಹೆಸರಿಡಬಹುದು, ಬ್ರುನೆಲ್ಲೊ ಎನ್ನುವಂತಿಲ್ಲ. ಊರಿನ ಹೆಸರೆಂದು ಬಾಟಲಿಯ ಮೇಲೆ ಮೆರೆಯುವುದು ಹಂಪಿ ಬೆಟ್ಟಗಳದು. ಹಂಪಿಯೋ ತುಂಗಭದ್ರೆಯ ಆಚೆ ದಡದ್ದು, ಬೇರೆ ಜಿಲ್ಲೆಗೆ ಸೇರಿದ್ದು.