ಎಣಿಕೆಯ ನೂಲಿನಲ್ಲಿ ವಿರೂಪಾಕ್ಷಾಲಯದ ಚರಿತ್ರೆ

ಪಂಪಾಕ್ಷೇತ್ರದ ಶ್ರೀ ವಿರೂಪಾಕ್ಷಸ್ವಾಮಿಯ ಆಲಯವನ್ನು ಕಟ್ಟಿಸಿದವರಾರೆಂದು ಕೇಳಿದರೆ, ಶ್ರೀಕೃಷ್ಣದೇವರಾಯನೆಂದು ಭಕ್ತರಲ್ಲಿ ಅನೇಕರು ಥಟ್ಟನೆ ಉತ್ತರ ಕೊಡುವರು. 1565ರ ಯುದ್ಧದ ತರುವಾಯ ಹಂಪೆಯು ಹಾಳಾದುದರೊಡನೆ ಅದರ ಕಥೆಯೂ ಮುಗಿಯಿತೆಂದು ಭಾವಿಸುವವರೂ ಉಂಟು. ಈ ಭ್ರಾಂತಿಗೆ ಚರಿತ್ರಕಾರರ ಬರವಣಿಗೆಯ ಕ್ರಮವೂ ಒಂದು ಕಾರಣವಾಗಿದೆ. ಅರಸನ ವೈಭವಕ್ಕೆ ಹತ್ತು ಪುಟಗಳು. ಪೂಜೆ ನಡೆದುಬಂದ ಶತಮಾನಗಳಿಗೆ ಒಂದೇ ಪಂಕ್ತಿ! ಕಾಲವನ್ನು ಅಳತೆಗೆ ತಕ್ಕಂತೆ ಕಣ್ಣಿಗೆ ಕಾಣಿಸಿದಲ್ಲದೆ ಇದು ತಿದ್ದುವಂತಿಲ್ಲ.

ಇಂತಹ ಯತ್ನವು ಹೊಸದಲ್ಲ. ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಎಂಬ ವಿದ್ವಾಂಸನು 1765ರಲ್ಲಿ ಪ್ರಕಟಿಸಿದ ಪಟದೊಳಗೆ ಪೂರ್ವದ ಪ್ರಸಿದ್ಧ ಪುರುಷರ ಆಯುಷ್ಯಗಳನ್ನು ಗೆರೆಗಳಾಗಿ ಎಳೆದು, ವರ್ಷಗಳಿಗೆ ತಕ್ಕ ಉದ್ದವನ್ನು ಕೊಟ್ಟು, ಕಾಲವು ನಿಶ್ಚಯವಾಗದೆಡೆಯಲ್ಲಿ ಚುಕ್ಕೆಗಳನ್ನಿಟ್ಟನು. ಬಲ್ಲುದನ್ನೂ ಊಹಿಸಿದುದನ್ನೂ ಬೆರಸದಿರುವುದೇ ಆ ಪಟದ ಹೆಚ್ಚುಗಾರಿಕೆ. ನಮ್ಮವರು ಇದಕ್ಕಾಗಿ ಕಾಗದವನ್ನೇ ಹುಡುಕಬೇಕಾಗಿಲ್ಲ. ಧಾರವಾಡ ಸೀಮೆಯ ತಾಯಂದಿರ ಕೈಯಲ್ಲಿ ಕಸೂತಿಯಿದೆ. ಗೋಪುರ, ತೇರು, ಆನೆಗಳನ್ನು ಅವರು ಬಟ್ಟೆಯ ಮೇಲೆ ಬರೆದುಕೊಳ್ಳದೆ, ಎಳೆಗಳನ್ನು ಎಣಿಸಿಯೇ ತೆಗೆಯುವರು. ಒಂದೆಳೆ ತಪ್ಪಿದರೆ ಗೋಪುರವು ಓರೆಯಾಗುವುದು. ಶಾಸನಗಳ ತಿಥಿ ಸಂವತ್ಸರಗಳನ್ನು ಲೆಕ್ಕಹಾಕುವವರಿಗೂ ಇದಕ್ಕಿಂತ ಹೆಚ್ಚಿನ ಜಾಗರೂಕತೆ ಬೇಕಾಗದು.

ನಾಲ್ಕು ಎಳೆಗಳಿಗೆ ಒಂದು ಹೊಲಿಗೆ, ಒಂದು ಹೊಲಿಗೆಗೆ ಹತ್ತು ವರ್ಷ ಎಂದು ಇಟ್ಟುಕೊಳ್ಳೋಣ. ಹಂಪೆಯ ಹರಿಹರ ಕವಿಯು ವಿರೂಪಾಕ್ಷನ ಪರಮಭಕ್ತನು. ಅವನ ಕಾಲವನ್ನು ಸುಮಾರು 1200 ಎಂದು ಹಿಡಿದು ಅಲ್ಲಿಂದ ಮೊದಲುಮಾಡಿದರೆ, 1336ರಲ್ಲಿ ವಿಜಯನಗರದ ಸ್ಥಾಪನೆಯಾಗುವುದರೊಳಗೆ ಹದಿಮೂರು ಹೊಲಿಗೆಗಳು ದಾಟಿಹೋಗಿರುತ್ತವೆ. ರಾಜಧಾನಿಗಿಂತ ದೇವರೇ ಹಿಂದಿನವನು! ಸಂಗಮವಂಶದ ಅರಸರು ತಾಮ್ರಶಾಸನಗಳ ಕೊನೆಯಲ್ಲಿ ತಮ್ಮ ಹೆಸರನ್ನು ಹಾಕದೆ 'ಶ್ರೀ ವಿರೂಪಾಕ್ಷ' ಎಂದು ಕನ್ನಡ ಲಿಪಿಯಲ್ಲಿ ಅಂಕಿತವಿಡುತ್ತಿದ್ದುದು ಸುಮ್ಮನೆ ಅಲ್ಲ. 1336ರಿಂದ 1565ರ ವರೆಗೆ 229 ವರ್ಷಗಳು, ಇಪ್ಪತ್ತಮೂರು ಹೊಲಿಗೆಗಳು. ಇವುಗಳಲ್ಲಿ 1509ರಿಂದ 1529ರ ವರೆಗಿನ ಶ್ರೀಕೃಷ್ಣದೇವರಾಯನ ಆಳಿಕೆಗೆ ಸಲ್ಲತಕ್ಕವು ಎರಡೇ ಎರಡು.

ಆ ಮಹಾರಾಜನ ಕೀರ್ತಿಗೆ ಇದರಿಂದ ಕುಂದಿಲ್ಲ. ಪಟ್ಟಾಭಿಷೇಕದ ಸಂದರ್ಭದಲ್ಲಿ ಅವನು ಮಾಡಿದ ಸೇವೆಯನ್ನು 1510ರ ಶಾಸನವು ಸಾರುತ್ತಿದೆ: ದೇವರ ಮುಂದಣ ರಂಗಮಂಟಪವನ್ನೂ ಅದರ ಮುಂದಣ ಗೋಪುರವನ್ನೂ ಕಟ್ಟಿಸಿದನು, ದೊಡ್ಡ ಗೋಪುರವನ್ನು ಜೀರ್ಣೋದ್ಧಾರ ಮಾಡಿಸಿದನು. ಜೀರ್ಣೋದ್ಧಾರವೆಂದ ಮೇಲೆ ಆ ಗೋಪುರವು ಮೊದಲೇ ಇದ್ದಿರಬೇಕಷ್ಟೆ. ಆದುದರಿಂದ ಕಟ್ಟಿಸಿದುದಕ್ಕೆ ಕೆಂಪು ನೂಲನ್ನೂ, ದುರಸ್ತು ಮಾಡಿಸಿದುದಕ್ಕೆ ಹಸುರನ್ನೂ ಬಳಸತಕ್ಕದ್ದು. ಈ ಎರಡಕ್ಕೂ ಒಂದೇ ಬಣ್ಣವನ್ನು ಹಾಕಿದ್ದರಿಂದಲೇ ಮೇಲೆ ಹೇಳಿದ ಭ್ರಾಂತಿಯು ಬೆಳೆಯಿತು. ಹೊಲಿಗೆಯಲ್ಲಿಯೂ ಭೇದವಿರಲಿ. ಗವಂತಿಯು ಬಟ್ಟೆಯ ಎರಡು ಮಗ್ಗುಲಲ್ಲಿಯೂ ಒಂದೇ ತೆರನಾಗಿ ಕಾಣುವುದು. ಶಾಸನಾಧಾರವುಳ್ಳ ಸಂಗತಿಗಳಿಗೆ ಅದೇ ಯೋಗ್ಯ. ನೇಗಿಯು ಹಾಗಲ್ಲ, ಊಹೆಗಳಿಗೆ ಅದು ಸಾಕು. ಎರಡೂ ಇಲ್ಲದೆಡೆಯಲ್ಲಿ ಬಟ್ಟೆಯು ಬರಿದಾಗಿಯೇ ಇರಲಿ. ಚೆಲುವಿಗಾಗಿ ಅಲ್ಲೊಂದು ಹೂವನ್ನು ತುಂಬುವ ಆಸೆಯು ಯಾರಿಗಾದರೂ ಆದೀತು. ಆದರೆ ಆ ಹೂವನ್ನು ಮುಂದಿನವರು ಒಬ್ಬ ಅರಸನ ದಾನವೆಂದು ಓದಿಬಿಡುವರು.

ಇನ್ನು 1565ರಿಂದ ಈಚಿನದು. ರಾಜಧಾನಿಯು ಪಾಳುಬಿದ್ದಿತು; ವಿರೂಪಾಕ್ಷನ ಗುಡಿಯಲ್ಲಿ ಇಂದಿಗೂ ಪೂಜೆ ನಡೆಯುತ್ತಿದೆ, ತೇರು ಎಳೆಯುತ್ತಿದೆ. 2025ರ ವರೆಗೆ 460 ವರ್ಷಗಳು, ನಾಲ್ವತ್ತಾರು ಹೊಲಿಗೆಗಳು. ಎಂದರೆ ಸಾಮ್ರಾಜ್ಯದ ಕಾಲಕ್ಕಿಂತ ಸುಮಾರು ಎರಡು ಪಾಲು. ಪುಸ್ತಕಗಳು ಒಂದು ಪಂಕ್ತಿಯಲ್ಲಿ ದಾಟಿಬಿಡುವ ಈ ಭಾಗವು ಬಟ್ಟೆಯ ಮೇಲೆ ಅರ್ಧಕ್ಕಿಂತ ಹೆಚ್ಚಿನ ಉದ್ದವನ್ನು ಹಿಡಿಯುವುದು. 19ನೆಯ ಶತಮಾನದ ಜೀರ್ಣೋದ್ಧಾರಕ್ಕೆ ಹಸುರು ನೂಲು ಇಲ್ಲಿ ಮತ್ತೆ ಕಾಣಿಸಿಕೊಳ್ಳಬೇಕು. ಹಂಪೆಯ ಸ್ಮಾರಕಗಳು 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದುದಕ್ಕೆ ಒಂದು ಸಣ್ಣ ಗುರುತು ಸಾಕು. ನಿತ್ಯಪೂಜೆಗೆ ಬಿಳಿಯ ನೂಲು. ಕಪ್ಪು ಚಂದ್ರಕಾಳಿಯ ಬಟ್ಟೆಯ ಮೇಲೆ ಅದು ಎದ್ದು ಕಾಣುವುದು.

ಆಲಯವು ತಾನೇ ತನ್ನ ಚಿತ್ರವನ್ನು ಬರೆದುಕೊಳ್ಳುವುದನ್ನು ಯಾತ್ರಿಕರು ಬಲ್ಲರು. ಗರ್ಭಗುಡಿಯ ಹಿಂಬದಿಯ ಕತ್ತಲೆಯ ಕೋಣೆಯಲ್ಲಿ, ಸಣ್ಣದೊಂದು ಕಿಂಡಿಯ ಮೂಲಕ ಬೆಳಕು ಬಂದು, ಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವುದು. ನೋಡಿ ಬೆರಗಾಗತಕ್ಕದ್ದೇ ಸರಿ; ಆದರೆ ಗೋಪುರದ ವಯಸ್ಸನ್ನು ಅದು ಹೇಳಲಾರದು. ಅದಕ್ಕೆ ಎಣಿಸುವ ಕೈ ಬೇಕು. 1200ರಿಂದ 2025ರ ವರೆಗೆ ಎಂಬತ್ತೆರಡೂವರೆ ಹೊಲಿಗೆಗಳು, 330 ಎಳೆಗಳು. ಸೆರಗಿನ ಅಗಲದಲ್ಲಿ ಇವು ನಿರಾಯಾಸವಾಗಿ ಹಿಡಿಯುವುವು. ಹೊಲಿಯುವ ತಾಯಂದಿರು ಬಲಗಡೆಯ ಅಂಚಿನ ವರೆಗೆ ಹೋಗದೆ ನಾಲ್ವತ್ತು ಎಳೆಗಳಷ್ಟು ಬಟ್ಟೆಯನ್ನು ಬಿಟ್ಟಿರಲಿ. ಮುಂದಿನ ನೂರು ವರ್ಷಗಳಿಗೆ ಅಷ್ಟು ಬೇಕಾಗುವುದು.