ಬರೀ 'ಗ್ಯಾಸ್ಟ್ರಿಕ್' ಅಂತ ಮಾತ್ರೆ ನುಂಗುತ್ತಿದ್ದೀರಾ? ಹೊಟ್ಟೆಯ ಈ ಬ್ಯಾಕ್ಟೀರಿಯಾ ಕ್ಯಾನ್ಸರ್‌ಗೂ ಕಾರಣವಾಗಬಹುದು

ಟಿಟ್ವಾಳಾ, ಕಲ್ಯಾಣ, ಡೊಂಬಿವ್ಲಿಯಿಂದ ಬೆಳಗಿನ ಲೋಕಲ್ ಹಿಡಿದು ಮುಂಬೈಗೆ ಹೋಗುವವರ ಬ್ಯಾಗ್‌ನಲ್ಲಿ ಊಟದ ಡಬ್ಬಿಯ ಜೊತೆ ಆಸಿಡಿಟಿ ಮಾತ್ರೆಯ ಸ್ಟ್ರಿಪ್ ಇರುವುದು ಹೊಸದೇನಲ್ಲ. ಖಾಲಿ ಹೊಟ್ಟೆಗೆ ಚಹಾ, ಹೊತ್ತು ಮೀರಿದ ಊಟ, ರಾತ್ರಿ ಮನೆ ಸೇರುವಾಗ ಹೊಟ್ಟೆಯುರಿ. ಮರಾಠಿಗರು ಇದನ್ನು 'ಪಿತ್ತ' ಎಂದರೆ, ಅಲ್ಲಿನ ಕನ್ನಡಿಗರು 'ಗ್ಯಾಸ್ಟ್ರಿಕ್' ಎನ್ನುತ್ತಾರೆ. ಹೆಸರು ಯಾವುದಾದರೂ ಮದ್ದು ಒಂದೇ, ಮೆಡಿಕಲ್ ಶಾಪ್‌ನ ಮಾತ್ರೆ.

ಹೆಚ್ಚಿನವರಿಗೆ ಇದು ಸಾಮಾನ್ಯ ಆಸಿಡಿಟಿಯೇ. ಆದರೆ ವರ್ಷಗಟ್ಟಲೆ ಬಿಡದೆ ಕಾಡಿದರೆ ಅದರ ಹಿಂದೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಇರಬಹುದು. ಈ ಸೋಂಕು ಹೊಟ್ಟೆಯ ಕ್ಯಾನ್ಸರ್‌ಗೆ ಮುಖ್ಯ ಕಾರಣಗಳಲ್ಲಿ ಒಂದು.

ಬ್ಯಾಕ್ಟೀರಿಯಾ ಕುಡಿದ ವೈದ್ಯ!

ಹೊಟ್ಟೆಯ ಆಮ್ಲದಲ್ಲಿ ಯಾವ ಬ್ಯಾಕ್ಟೀರಿಯಾವೂ ಬದುಕದು ಎಂದೇ ವೈದ್ಯಲೋಕ ಬಹುಕಾಲ ನಂಬಿತ್ತು. 1982ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಇದನ್ನು ಬೆಳೆಸಿ ತೋರಿಸಿದರು. ಆದರೂ ಯಾರೂ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಇದ್ದ ದ್ರವವನ್ನೇ ಕುಡಿದು, ಕೆಲವೇ ದಿನಗಳಲ್ಲಿ ಜಠರದ ಉರಿಯೂತ ತರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

1994ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ತಂಬಾಕು ಇರುವ ಒಂದನೇ ಗುಂಪಿಗೆ ಸೇರಿಸಿತು. ಹಾಗೆಂದು ಗಾಬರಿ ಬೇಡ. ಕ್ಯಾನ್ಸರ್ ತರಬಲ್ಲದು ಎಂಬುದಕ್ಕೆ ಸಾಕ್ಷ್ಯ ಗಟ್ಟಿ ಎಂದಷ್ಟೇ ಆ ಪಟ್ಟಿಯ ಅರ್ಥ, ಅಪಾಯ ತಂಬಾಕಿನಷ್ಟೇ ಎಂದಲ್ಲ.

ಸೋಂಕು ಕ್ಯಾನ್ಸರ್ ಆಗುವುದು ಹೇಗೆ?

ಈ ಬ್ಯಾಕ್ಟೀರಿಯಾ ಯೂರಿಯೇಸ್ ಎಂಬ ಕಿಣ್ವದ ನೆರವಿನಿಂದ ಅಮೋನಿಯಾ ತಯಾರಿಸಿ ತನ್ನ ಸುತ್ತಲಿನ ಆಮ್ಲವನ್ನು ತಣಿಸುತ್ತದೆ. ಬಳಿಕ ಲೋಳೆಪದರದೊಳಗೆ ನುಗ್ಗಿ ಕೂರುತ್ತದೆ. ಕೆಲವು ತಳಿಗಳು ಕ್ಯಾಗ್ ಎ ಎಂಬ ಪ್ರೋಟೀನನ್ನು ಸೂಜಿ ಚುಚ್ಚಿದಂತೆ ಜಠರದ ಕೋಶಗಳಿಗೆ ಸೇರಿಸುತ್ತವೆ. ಇಂತಹವೇ ಹೆಚ್ಚು ಅಪಾಯಕಾರಿ.

ಉರಿಯೂತ ದಶಕಗಳ ಕಾಲ ಮುಂದುವರಿದರೆ ಆಮ್ಲ ಸ್ರವಿಸುವ ಗ್ರಂಥಿಗಳು ಸವೆಯುತ್ತವೆ. ಜಠರದ ಒಳಪದರ ನಿಧಾನವಾಗಿ ಕರುಳಿನ ಒಳಪದರದಂತೆ ಬದಲಾಗುತ್ತದೆ. ಅಲ್ಲಿಂದ ಮುಂದೆ ಕೆಲವರಲ್ಲಿ ಕೋಶಗಳು ವಿಕೃತಗೊಂಡು ಕ್ಯಾನ್ಸರ್ ಹುಟ್ಟುತ್ತದೆ. ಜಪಾನ್‌ನಲ್ಲಿ 1,526 ರೋಗಿಗಳನ್ನು ಸರಾಸರಿ 7.8 ವರ್ಷ ಗಮನಿಸಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಸೋಂಕಿದ್ದ 1,246 ಜನರಲ್ಲಿ 36 ಮಂದಿಗೆ ಹೊಟ್ಟೆಯ ಕ್ಯಾನ್ಸರ್ ಬಂತು. ಸೋಂಕಿಲ್ಲದವರಲ್ಲಿ ಒಬ್ಬರಿಗೂ ಬರಲಿಲ್ಲ.

ಭಾರತದ ಒಗಟು

ನಮ್ಮ ದೇಶದಲ್ಲಿ ಅರ್ಧಕ್ಕೂ ಹೆಚ್ಚು ವಯಸ್ಕರಲ್ಲಿ ಈ ಸೋಂಕಿದೆ ಎಂಬ ಅಂದಾಜಿದೆ. ಸಾಮಾನ್ಯವಾಗಿ ಚಿಕ್ಕಂದಿನಲ್ಲೇ ಮನೆಯವರಿಂದ, ಕಲುಷಿತ ನೀರಿನಿಂದ ಬರುತ್ತದೆ. ಇಕ್ಕಟ್ಟಾದ ಮನೆಗಳಲ್ಲಿ ಹರಡುವುದು ಸುಲಭ. ಆದರೂ ಇಲ್ಲಿ ಹೊಟ್ಟೆಯ ಕ್ಯಾನ್ಸರ್ ಜಪಾನ್, ಕೊರಿಯಾದಷ್ಟಿಲ್ಲ. ಮಿಜೋರಾಂನಲ್ಲಿ ಮಾತ್ರ ದೇಶದಲ್ಲೇ ಅತಿ ಹೆಚ್ಚು. ಅಲ್ಲಿ ಹೊಗೆಯಲ್ಲಿ ಒಣಗಿಸಿದ ಮಾಂಸ ಹಾಗೂ ತಂಬಾಕಿನ ಬಳಕೆಗೂ ಕ್ಯಾನ್ಸರ್‌ಗೂ ನಂಟಿರುವುದನ್ನು ಸಂಶೋಧಕರು ಗುರುತಿಸಿದ್ದಾರೆ. ಅಂದರೆ ಸೋಂಕೊಂದೇ ಸಾಲದು. ಉಪ್ಪು, ಹೊಗೆ, ತಂಬಾಕು, ವಂಶವಾಹಿಯಂತಹ ಅಂಶಗಳೂ ಕೈಜೋಡಿಸುತ್ತವೆ. ಸೋಂಕಿತರಲ್ಲಿ ಕ್ಯಾನ್ಸರ್ ಆಗುವುದು ಶೇ. 1ರಿಂದ 3ರಷ್ಟು ಜನರಿಗೆ ಮಾತ್ರ.

ಯಾರು ಪರೀಕ್ಷೆ ಮಾಡಿಸಬೇಕು?

ಅಲ್ಸರ್ ಇರುವವರು, ಹೆತ್ತವರು ಅಥವಾ ಒಡಹುಟ್ಟಿದವರಿಗೆ ಹೊಟ್ಟೆಯ ಕ್ಯಾನ್ಸರ್ ಆಗಿರುವವರು, ಕಾರಣ ತಿಳಿಯದ ಕಬ್ಬಿಣಾಂಶದ ಕೊರತೆ ಇರುವವರು ವೈದ್ಯರನ್ನು ಕೇಳಬೇಕು. ತೂಕ ಇಳಿಯುವುದು, ಮಲ ಕಪ್ಪಾಗುವುದು, ನುಂಗಲು ಕಷ್ಟ, ಪದೇಪದೇ ವಾಂತಿ ಇದ್ದರೆ ಮನೆಮದ್ದು ಮಾಡುತ್ತಾ ಕೂರದೆ ಎಂಡೋಸ್ಕೋಪಿಗೆ ಹೋಗಬೇಕು. ಪರೇಲ್‌ನ ಟಾಟಾ ಮೆಮೋರಿಯಲ್‌ನಂತಹ ಕ್ಯಾನ್ಸರ್ ಆಸ್ಪತ್ರೆಗಳಿಗೆ ಹೊಟ್ಟೆಯ ಕ್ಯಾನ್ಸರ್ ರೋಗಿಗಳು ಹೆಚ್ಚಾಗಿ ಬರುವುದು ಕಾಯಿಲೆ ಬಲಿತ ಮೇಲೆ. ಮಾತ್ರೆಯಿಂದ ಉರಿ ತಣ್ಣಗಾಗುವುದೇ ಇಲ್ಲಿ ಮೋಸ. ಆರಂಭದ ಕ್ಯಾನ್ಸರ್‌ನ ನೋವನ್ನೂ ಅದು ಮುಚ್ಚಿಡಬಲ್ಲದು.

ಸೋಂಕು ಪತ್ತೆಗೆ ಉಸಿರಿನ ಯೂರಿಯಾ ಪರೀಕ್ಷೆ, ಮಲ ಪರೀಕ್ಷೆ, ಎಂಡೋಸ್ಕೋಪಿ ಬಯಾಪ್ಸಿ ಇವೆ. ರಕ್ತ ಪರೀಕ್ಷೆ ಹಳೆಯ ಸೋಂಕನ್ನೂ ತೋರಿಸುವುದರಿಂದ ಅದೊಂದನ್ನೇ ನಂಬಲಾಗದು. ಚಿಕಿತ್ಸೆ ಸಾಮಾನ್ಯವಾಗಿ 14 ದಿನ: ಆಮ್ಲ ತಗ್ಗಿಸುವ ಮಾತ್ರೆಯ ಜೊತೆ ಎರಡು ಆ್ಯಂಟಿಬಯಾಟಿಕ್, ಕೆಲವೊಮ್ಮೆ ಬಿಸ್ಮತ್ ಕೂಡ. ನಾಲ್ಕೈದು ದಿನಕ್ಕೆ ಹಾಯೆನಿಸಿತೆಂದು ನಿಲ್ಲಿಸಿದರೆ ಸೋಂಕು ಉಳಿದುಬಿಡುತ್ತದೆ. ಮುಂದಿನ ಸಲ ಅದೇ ಔಷಧ ನಾಟದಿರಬಹುದು. ಕೋರ್ಸ್ ಮುಗಿದು ಕನಿಷ್ಠ ನಾಲ್ಕು ವಾರದ ನಂತರ ಮತ್ತೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು.

ಇನ್ನೊಂದು ವಿಷಯ ಹಲವರಿಗೆ ಗೊತ್ತಿರುವುದಿಲ್ಲ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂತಹ ಮಾತ್ರೆ ನುಂಗುತ್ತಲೇ ಪರೀಕ್ಷೆಗೆ ಹೋದರೆ, ಸೋಂಕಿದ್ದರೂ 'ಇಲ್ಲ' ಎಂಬ ವರದಿ ಬರಬಹುದು. ಎರಡು ವಾರ ಮೊದಲೇ ಅದನ್ನು ನಿಲ್ಲಿಸಬೇಕಾಗುತ್ತದೆ. ಹೀಗಾಗಿ ಯಾವ ಮಾತ್ರೆ, ಎಷ್ಟು ದಿನದಿಂದ ನುಂಗುತ್ತಿದ್ದೀರಿ ಎಂಬುದನ್ನು ವೈದ್ಯರಿಗೆ ಮೊದಲೇ ತಿಳಿಸಿ.